ಕೆರೆ ಏರಿಯ ಹಿಂಬದಿಯನ್ನು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಜನಪ್ರತಿನಿಧಿಗಳು ಬರುತ್ತಾರೆ, ಬಾಗಿನ ಬಿಡುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೊ. ಎಲ್ಲರ ಕಣ್ಣೂ ನೀರಿನ ಮೇಲೆಯೇ. ಏರಿಯ ಹಿಂಬದಿಗೆ ಇಳಿದು ನೋಡುವವರಿಲ್ಲ. ನನ್ನ ಗದ್ದೆ ಇರುವುದು ಆ ಹಿಂಬದಿಯಲ್ಲಿ. ಅದಕ್ಕೇ ಈ ಪತ್ರ.

ಕಳೆದ ಮಳೆಗಾಲದಲ್ಲಿ ನಮ್ಮೂರ ಕೆರೆಯ ತೂಬಿನ ಪಕ್ಕ, ಏರಿಯ ಬುಡದಲ್ಲಿ ನೀರು ಜಿನುಗತೊಡಗಿತು. ಮಣ್ಣಿನ ಏರಿ ಅಷ್ಟಿಷ್ಟು ಜಿನುಗುವುದು ಸಹಜ. ಬರುವುದು ತಿಳಿನೀರಾದರೆ ಕಣ್ಣಿಟ್ಟಿರಬೇಕು, ಬಗ್ಗಡವಾದರೆ ನಿದ್ದೆ ಬಿಡಬೇಕು. ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದು ಅದರ ಅರ್ಥ. ಬೆರಳು ಗಾತ್ರದ ತೂತು ಗವಿಯಾಗಲು ಒಂದು ರಾತ್ರಿ ಸಾಕು. ನಮ್ಮದು ಬಗ್ಗಡವೇ. ದೂರು ಕೊಡಲು ಹೋದರೆ 'ಈ ಕೆರೆ ನಮಗೆ ಬರುವುದಿಲ್ಲ' ಎಂದು ಇನ್ನೊಂದು ಕಚೇರಿಗೆ ಕಳುಹಿಸಿದರು, ಅಲ್ಲಿಂದ ಮತ್ತೆ ಮೊದಲಿನದಕ್ಕೆ. ಕೊನೆಗೆ ಊರವರೇ ತೂಬು ಎತ್ತಿ ನೀರು ಇಳಿಸಿದೆವು, ಜಿನುಗಿನ ಬಾಯಿಗೆ ಮರಳು, ಜಲ್ಲಿ ಹೇರಿದೆವು. ಮಳೆ ಬಿಡುವು ಕೊಟ್ಟಿದ್ದು ಪುಣ್ಯ.

ಕಾನೂನು ಇಲ್ಲವೆಂದಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಪಾಸಣೆ ಕಡ್ಡಾಯ. ಆದರೆ ಅದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರಿನವಕ್ಕೆ ಉದ್ದ, ನೀರಿನ ಸಂಗ್ರಹ ಇತ್ಯಾದಿ ಷರತ್ತುಗಳಿವೆ. ಮೂರು ನಾಲ್ಕು ಆಳೆತ್ತರದ ಊರ ಏರಿಗಳೆಲ್ಲ ಹೊರಗುಳಿದವು. ಏರಿ ಗಿಡ್ಡವೆಂದು ಅದರ ಕೆಳಗಿನ ಮನೆಗಳನ್ನು ನೀರು ಬಿಟ್ಟುಬಿಡುತ್ತದೆಯೇ? 2019ರ ನವೆಂಬರಿನಲ್ಲಿ ಬೆಂಗಳೂರಿನ ಹುಳಿಮಾವು ಕೆರೆ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು, ಅದೂ ಮಳೆಯಿಲ್ಲದ ದಿನ.

ಅದೇ ವರ್ಷ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಮಣ್ಣಿನ ಕಟ್ಟೆ ಒಡೆದು ಇಪ್ಪತ್ತರಷ್ಟು ಜನ ಸತ್ತರು. ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಅಲ್ಲಿನ ಸಚಿವರು ತಪ್ಪನ್ನು ಏಡಿಗಳ ಮೇಲೆ ಹೊರಿಸಿದರು. ಏಡಿ, ಹೆಗ್ಗಣಗಳು ಬಿಲ ತೋಡುವುದು ನಿಜ, ಅದು ಅವುಗಳ ಕಸುಬು. ಬಿಲ ಹುಡುಕಿ ಮುಚ್ಚುವುದು ಯಾರ ಕಸುಬು?

ಹಿಂದೆ ಅದು ಕೆರೆ ಕಾಯುವ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯದಾಗಿತ್ತು. ಆತ ಏರಿಯ ಮೇಲೆ ನಡೆದೇ ಇಳಿತ, ಬಿರುಕು, ಬಿಲ ಗುರುತಿಸುತ್ತಿದ್ದ. ಕೋಡಿಗೆ ಕಸ ಕಟ್ಟಿಕೊಳ್ಳಲು ಬಿಡುತ್ತಿರಲಿಲ್ಲ. ಈಗ ಕೋಡಿಗೆ ಮೀನಿನ ಬಲೆ ಅಡ್ಡ ಕಟ್ಟುತ್ತಾರೆ, ಇನ್ನಷ್ಟು ನೀರು ನಿಲ್ಲಲಿ ಎಂದು ಮರಳು ಮೂಟೆ ಪೇರಿಸುತ್ತಾರೆ (ಇದರಲ್ಲಿ ನಮ್ಮ ರೈತರೂ ಇದ್ದೇವೆ, ಮುಚ್ಚಿಡುವುದೇಕೆ). ಉಕ್ಕುವ ನೀರು ಕೋಡಿಯಲ್ಲಿ ಹೋಗದಿದ್ದರೆ ಏರಿಯ ಮೇಲೆಯೇ ಹರಿಯುತ್ತದೆ. ಮಣ್ಣಿನ ಏರಿ ಅದನ್ನು ತಾಳದು.

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ (ನೀರುಣ್ಣುವ ಜಮೀನಿನ) ಕೆರೆ ಪಂಚಾಯಿತಿಯದು, ಅದಕ್ಕೆ ಮೇಲ್ಪಟ್ಟದ್ದು ಸಣ್ಣ ನೀರಾವರಿ ಇಲಾಖೆಯದು ಎಂಬ ಹಂಚಿಕೆ ಕಾಗದದಲ್ಲಿದೆ. ಪ್ರತಿ ಏರಿಯ ಮೇಲೆ ಹೊಣೆಗಾರ ಎಂಜಿನಿಯರ್ ಯಾರು, ಕೊನೆಯ ತಪಾಸಣೆ ಎಂದು ನಡೆಯಿತು ಎಂದು ಬರೆದ ಒಂದು ಫಲಕ ನಿಲ್ಲಿಸಲಿ. ಹೂಳೆತ್ತುವ ಹಣದಲ್ಲಿ ಒಂದು ಪಾಲು ನೀರುಗಂಟಿಯ ಸಂಬಳಕ್ಕೆ ಹೋಗಲಿ.

ಮುಂಗಾರಿಗೆ ಮುನ್ನ ಯಾರಾದರೂ ಬಂದರೆ ನಮ್ಮ ಏರಿಯ ಜಿನುಗಿನ ಜಾಗವನ್ನು ನಾನೇ ತೋರಿಸುತ್ತೇನೆ. ಬೂಟು ಹಾಕಿಕೊಂಡು ಬರಲಿ. ಈ ಬೇಸಿಗೆಯಲ್ಲೂ ಅಲ್ಲಿ ಕೆಸರು ಆರಿಲ್ಲ.

– ಕೆರೆ ಹಿಂದಿನ ಗದ್ದೆಯ ರೈತ, ತುಮಕೂರು ಜಿಲ್ಲೆ