ಲೀಕ್ ಹುಡುಕದೆ ಆಕ್ಸಿಜನ್ ಸೆನ್ಸರ್ ಬದಲಿಸಿದ್ದರ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನನ್ನ ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ಲೈಟ್ ರಿಪೇರಿ ಬಗ್ಗೆ ಈ ದೂರು. ಜಾಬ್ ಕಾರ್ಡ್ ಮತ್ತು ಬಿಲ್ಲಿನ ಪ್ರತಿ ಜೊತೆಗಿಟ್ಟಿದ್ದೇನೆ. ಕೌಂಟರಿನಲ್ಲಿ ಹೇಳಿದ್ದಾಯಿತು, ಫೋನ್ ಮಾಡಿದ್ದಾಯಿತು, "ನೋಡ್ತೀವಿ ಸರ್" ಅನ್ನುವುದು ಬಿಟ್ಟರೆ ಬೇರೆ ಉತ್ತರ ಸಿಗಲಿಲ್ಲ.

ಕಾರು ಬಿಡುವಾಗಲೇ ತೊಂದರೆ ಏನು ಅಂತ ಬಿಡಿಸಿ ಹೇಳಿದ್ದೆ. ಲೈಟ್ ಉರಿಯುತ್ತಿದೆ, ಮೈಲೇಜ್ ಇಳಿದಿದೆ. ಜೊತೆಗೆ, ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು, ಆಕ್ಸಿಲರೇಟರ್ ಒತ್ತಿದರೆ ಸದ್ದೂ ಚುರುಕಾಗುತ್ತದೆ, ಎಂಜಿನ್ ಬಿಸಿಯಾದ ಮೇಲೆ ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ಈ ಸದ್ದಿನ ಮಾತು ಜಾಬ್ ಕಾರ್ಡಿನಲ್ಲಿ ಇಲ್ಲವೇ ಇಲ್ಲ. "ಚೆಕ್ ಲೈಟ್ ಆನ್" ಅಂತ ಮಾತ್ರ ಬರೆದಿದ್ದಾರೆ. ಎಂಜಿನ್ನಿನ ಹೊಗೆ ಹೊರಹಾಕುವ ಕೊಳವೆ (ಎಕ್ಸಾಸ್ಟ್ ಮ್ಯಾನಿಫೋಲ್ಡ್) ಎಂಜಿನ್ನಿಗೆ ಸೇರುವ ಸಂದಿನ ಗ್ಯಾಸ್ಕೆಟ್ ಲೀಕ್ ಆದಾಗ ಬರುವ ಸದ್ದೇ ಇದು. ಲೋಹ ಬಿಸಿಗೆ ಹಿಗ್ಗಿದಾಗ ಸಂದು ಮುಚ್ಚಿಕೊಂಡು ಸದ್ದು ಅಡಗುತ್ತದೆ. ದಿನವೂ ಎಂಜಿನ್ ಬಿಚ್ಚುವವರಿಗೆ ಇದು ಗೊತ್ತಿರಬೇಕು, ಅಲ್ವಾ?

ನಿಮ್ಮವರು ಸ್ಕ್ಯಾನರ್ ಹಾಕಿದರು, ಪಿ0171 ಅನ್ನುವ ದೋಷದ ಕೋಡ್ ಬಂತು, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಎರಡು ಸೆನ್ಸರ್‌ಗಳಲ್ಲಿ ಎಂಜಿನ್ ಕಡೆಯದನ್ನು (ಮುಂದಿನ ಆಕ್ಸಿಜನ್ ಸೆನ್ಸರ್) ಬದಲಿಸಿದರು. ಅಷ್ಟೇ ಕೆಲಸ. ಆದರೆ ಆ ಕೋಡಿನ ಅರ್ಥ ಸೆನ್ಸರ್ ಹೋಗಿದೆ ಅಂತಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಕಾರಿನ ಕಂಪ್ಯೂಟರಿಗೆ ಕಾಣುತ್ತಿದೆ ಅಂತ. ಹಾಗೆ ಯಾಕೆ ಕಾಣುತ್ತಿದೆ ಅಂತ ಹುಡುಕುವುದಕ್ಕೇ ನಾನು ನಿಮಗೆ ಕಾರು ಕೊಟ್ಟಿದ್ದು. ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು, ಫ್ಯೂಯೆಲ್ ಪಂಪ್ ಒತ್ತಡ ಸಾಲದೆ ಇರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಎಕ್ಸಾಸ್ಟ್ ಸೋರುತ್ತಿರಬಹುದು. ಹಳೇ ಸೆನ್ಸರ್ ಸರಿಯಿದೆಯಾ ಅಂತ ನೋಡಲು ಅದನ್ನು ಬಿಚ್ಚುವುದೂ ಬೇಕಿರಲಿಲ್ಲ. ಎಂಜಿನ್ ಬಿಸಿ ಮಾಡಿ ಸ್ಕ್ಯಾನರಿನಲ್ಲೇ ಲೈವ್ ರೀಡಿಂಗ್ ನೋಡಿದ್ದರೆ ಸಾಕಿತ್ತು, ನನ್ನ ಕಾರಿನಲ್ಲಿರುವಂಥ ಸೆನ್ಸರ್ ಚೆನ್ನಾಗಿದ್ದರೆ ವೋಲ್ಟೇಜ್ ಸುಮಾರು 0.1ರಿಂದ 0.9ರವರೆಗೆ ಬಿಡದೆ ಏರಿಳಿಯುತ್ತಿರುತ್ತದೆ. ಆ ರೀಡಿಂಗ್ ಕೇಳಿದೆ. ನಿಮ್ಮಲ್ಲಿ ಇರಲಿಲ್ಲ. ಸಾಲದ್ದಕ್ಕೆ ಮೊದಲೇ ಕೋಡ್ ಅಳಿಸಿಬಿಟ್ಟಿದ್ದರು. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂನಲ್ಲಿತ್ತು ಅನ್ನುವ ಫ್ರೀಜ್ ಫ್ರೇಮ್ ಮಾಹಿತಿಯೂ ಅದರ ಜೊತೆಗೇ ಹೋಯಿತು.

ಹೊಸ ಸೆನ್ಸರ್ ಹಾಕಿಸಿಕೊಂಡು ಬಂದರೂ ಟಿಕ್ ಟಿಕ್ ಹಾಗೇ ಇತ್ತು. ಲೈಟ್ ಮತ್ತೆ ಬಂತು, ಈ ಸಲ ಪಿ0420 ಕೂಡ ಸೇರಿಕೊಂಡಿತ್ತು, ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಕಂಪ್ಯೂಟರಿಗೆ ಕಾಣುತ್ತಿದೆ ಅಂತ. ನಿಮ್ಮ ಅಡ್ವೈಸರ್ ಕಾರಿನ ಹತ್ತಿರಕ್ಕೂ ಬರಲಿಲ್ಲ. ಪರದೆ ನೋಡಿ, "ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಬದಲಿಸಬೇಕು" ಅಂದರು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ಭಾಗ ಅದು, ಎಷ್ಟು ದುಬಾರಿ ಅಂತ ನಿಮಗೇ ಗೊತ್ತು. ಎಕ್ಸಾಸ್ಟ್ ಲೀಕ್ ಇದ್ದರೂ ಪಿ0420 ಬರಬಹುದು, ಹಾಗಾಗಿ ಮೊದಲು ಲೀಕ್ ಇಲ್ಲ ಅಂತ ಖಚಿತ ಮಾಡಿಕೊಂಡು ಆಮೇಲೆ ಕನ್ವರ್ಟರ್ ಮಾತಾಡಬೇಕು. ನಾನು ಒಪ್ಪದೆ ಕಾರು ವಾಪಸ್ ತಂದೆ.

ಬೇರೆ ಮೆಕ್ಯಾನಿಕ್ ಒಬ್ಬರು ರಾತ್ರಿಯಿಡೀ ಕಾರು ನಿಲ್ಲಿಸಿಕೊಂಡು ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರು. ಸದ್ದು ಕೇಳಿ ಎಂಜಿನ್ ಆಫ್ ಮಾಡಿ, ಮ್ಯಾನಿಫೋಲ್ಡ್ ಮೇಲಿನ ಹೀಟ್ ಶೀಲ್ಡ್ ಬಿಚ್ಚಿ ಟಾರ್ಚ್ ಹಿಡಿದರು. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ, ಪಕ್ಕದಲ್ಲೇ ಒಂದು ಸ್ಟಡ್ (ಬಿಗಿ ಹಿಡಿಯುವ ಬೋಲ್ಟ್) ಮುರಿದಿತ್ತು. ಲೀಕ್ ಹುಡುಕಲು ಪೈಪಿನೊಳಗೆ ಹೊಗೆ ತುಂಬುವ ಯಂತ್ರ ಹಾಕಿದಾಗ ಅದೇ ಜಾಗದಿಂದ ಬಿಳಿ ಹೊಗೆ ಎಳೆಎಳೆಯಾಗಿ ಬಂತು. ಎಂಜಿನ್ನಿನಿಂದ ಹೊಗೆ ಒಂದೇ ಸಮನೆ ಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಆ ನಡುವಿನ ಗಳಿಗೆಯಲ್ಲಿ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ, ಸೆನ್ಸರ್ ಆ ಗಾಳಿ ನೋಡಿ ಪೆಟ್ರೋಲ್ ಸಾಲದು ಅನ್ನುತ್ತದೆ, ಕಂಪ್ಯೂಟರ್ ಸುಮ್ನೆ ಪೆಟ್ರೋಲ್ ಸುರಿಯುತ್ತಾ ಹೋಗುತ್ತದೆ. ಮೈಲೇಜ್ ಇಳಿದದ್ದು ಹೀಗೆ. ಗ್ಯಾಸ್ಕೆಟ್ ಮತ್ತು ಸ್ಟಡ್ ಹಾಕಿದ ಮೇಲೆ, ಶೇಕಡಾ 20 ದಾಟಿದ್ದ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಹೆಚ್ಚುವರಿಯಾಗಿ ಸುರಿಯುವ ಪೆಟ್ರೋಲಿನ ಪ್ರಮಾಣ) 5ರ ಒಳಗೆ ಬಂತು. ಎರಡೂ ಕೋಡ್ ಮತ್ತೆ ಬಂದಿಲ್ಲ. ಕನ್ವರ್ಟರ್ ಹಳೆಯದೇ ಇದೆ, ಅದರ ಆಚೆಗಿರುವ ಎರಡನೇ ಆಕ್ಸಿಜನ್ ಸೆನ್ಸರಿನ ರೀಡಿಂಗ್ ಅಲುಗಾಡದೆ ನಿಂತಿದೆ, ಅಂದರೆ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆ.

ದುಡ್ಡಿಗಿಂತ ಜಾಸ್ತಿ ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ. ಬಾನೆಟ್ ಕೆಳಗೆ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊರಗಿನ ಗಾಳಿ ಎಳೆಯುವ ದಾರಿಯಲ್ಲೇ ಅದು ಕಾರಿನೊಳಗೆ ಬರಬಹುದು. ನೀವು "ಓಕೆ" ಅಂತ ಸಹಿ ಹಾಕಿ ಕೊಟ್ಟ ಕಾರಿನಲ್ಲಿ ನನ್ನ ಮಕ್ಕಳು ಕೂತು ಓಡಾಡಿದ್ದಾರೆ.

ಸೆನ್ಸರಿನ ಹಣ ಮತ್ತು ಅದರ ಕೂಲಿ ನನಗೆ ವಾಪಸ್ ಬೇಕು. ಬಿಚ್ಚಿದ ಹಳೇ ಸೆನ್ಸರ್ ಕೂಡ ಬೇಕು, ಅದು ಕೆಟ್ಟಿತ್ತು ಅನ್ನುವುದಾದರೆ ಅಳತೆ ಸಮೇತ ತೋರಿಸಿ. ನನ್ನ ಕಾರಿನ ಸರ್ವಿಸ್ ದಾಖಲೆಯಲ್ಲಿ "ಕನ್ವರ್ಟರ್ ಬದಲಿಸಲು ಗ್ರಾಹಕರು ಒಪ್ಪಲಿಲ್ಲ" ಅಂತ ಬರೆದಿದ್ದೀರಿ. ನಾಳೆ ಕಾರು ಮಾರುವಾಗ ಅದನ್ನು ಓದಿದವರು ಏನಂದುಕೊಳ್ಳುತ್ತಾರೆ? ಅದನ್ನು ತೆಗೆದು, ಗ್ಯಾಸ್ಕೆಟ್ ಲೀಕ್ ಇತ್ತು ಅಂತ ತಿದ್ದಿ ಬರೆಯಿರಿ. ಈ ತಿಂಗಳು ಮುಗಿಯುವುದರೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಕೊಡದಿದ್ದರೆ ಇದೇ ಪತ್ರ, ಇದೇ ಬಿಲ್ಲು, ಮುರಿದ ಸ್ಟಡ್ಡಿನ ಫೋಟೋ ಎಲ್ಲವನ್ನೂ ಗ್ರಾಹಕರ ನ್ಯಾಯಾಲಯಕ್ಕೆ ಕೊಡುತ್ತೇನೆ.

ಇಂತಿ,
ಕಾರಿನ ಮಾಲೀಕ