ಮುಖ್ಯಮಂತ್ರಿಗಳೇ, ಹದಿನಾರು ನಿಮಿಷದ ಸಿನಿಮಾಗೂ ಒಂದು ಪರದೆ ಬೇಕು

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರ ಸಾರ್,

2025ರ ಬಜೆಟ್‌ನಲ್ಲಿ ಸಿನಿಮಾದವ್ರಿಗೆ ಅಂತ ಸುಮಾರು ವಿಷಯ ಬಂತು. ಮೈಸೂರಲ್ಲಿ 150 ಎಕರೆ ಜಾಗದಲ್ಲಿ 500 ಕೋಟಿಯ ಫಿಲ್ಮ್ ಸಿಟಿ, ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ, ಸರ್ಕಾರದ್ದೇ ಒಂದು ಒಟಿಟಿ, ಬೆಂಗಳೂರಿನ ನಂದಿನಿ ಲೇಔಟಲ್ಲಿ ಚಲನಚಿತ್ರ ಅಕಾಡೆಮಿ ಜಾಗದಲ್ಲಿ ಮಲ್ಟಿಪ್ಲೆಕ್ಸ್, ಟಿಕೆಟ್‌ಗೆ 200 ರೂಪಾಯಿ ಮಿತಿ. ಟಿಕೆಟ್ ವಿಷಯ ಕೋರ್ಟ್ ಮೆಟ್ಟಿಲು ಹತ್ತಿದ್ದು ಬೇರೆ ಕಥೆ ಬಿಡಿ. ಟಿವಿಯಲ್ಲಿ ಇದೆಲ್ಲದ್ರ ಬಗ್ಗೆ ಗಂಟೆಗಟ್ಲೆ ಚರ್ಚೆ ಆಯ್ತು, ನಾನು ನೋಡಿದ್ರಲ್ಲಿ ಕಿರುಚಿತ್ರ ಅಂತ ಒಬ್ರೂ ಬಾಯಿ ಬಿಡ್ಲಿಲ್ಲ, ಅದಕ್ಕೇ ಈ ಪತ್ರ.

ಅದ್ರ ಹಿಂದಿನ ವರ್ಷ ಅಂದ್ರೆ 2024ರ ಮೇ ತಿಂಗಳಲ್ಲಿ ಏನಾಯ್ತು ಅಂತ ನಿಮಗೆ ನೆನಪಿರುತ್ತೆ. ಮೈಸೂರಲ್ಲಿ ಎಂಬಿಬಿಎಸ್ ಓದಿ ಆಮೇಲೆ ಸಿನಿಮಾ ಕಲಿಸೋ ಪುಣೆಯ ಎಫ್‌ಟಿಐಐ ಸೇರಿದ ಚಿದಾನಂದ ಎಸ್. ನಾಯ್ಕ್ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ವಿದ್ಯಾರ್ಥಿಗಳಿಗೆ ಅಂತ ಇರೋ ಲಾ ಸಿನೆಫ್ ವಿಭಾಗದಲ್ಲಿ ಫಸ್ಟ್ ಪ್ರೈಜ್ ತಗೊಂಡ್ರು. ಪ್ರಪಂಚದ ಫಿಲ್ಮ್ ಸ್ಕೂಲುಗಳಿಂದ ಬಂದ 2,263 ಸಿನಿಮಾದಲ್ಲಿ ಸೆಲೆಕ್ಟ್ ಆಗಿದ್ದೇ 18, ಅದ್ರಲ್ಲಿ ಮೊದಲನೇದು ಕನ್ನಡದ್ದು, ಬರೀ 16 ನಿಮಿಷದ್ದು. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದು ಆಮೇಲೆ ಊರಿಗೆ ಬೆಳಕೇ ಹರಿಯದ ಕಥೆ, ನಮ್ಮನೇಲಿ ಅಜ್ಜಿ ಬಾಯಲ್ಲಿ ಕೇಳಿದ್ದೇ. ಪೇಪರಲ್ಲೆಲ್ಲಾ ಬಂತು, ಎಲ್ರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಆದ್ರೆ ಗದಗದಲ್ಲೋ ಹಾಸನದಲ್ಲೋ ಇರೋ ಒಬ್ಬ ಅದನ್ನ ದೊಡ್ಡ ಪರದೆ ಮೇಲೆ ನೋಡ್ಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕಿತ್ತು ಸಾರ್?

ಇಲ್ಲಿ ಒಂದು ಮಾತು. ಸೆನ್ಸಾರ್ ಸರ್ಟಿಫಿಕೇಟ್ ಇಲ್ದೆ ಥಿಯೇಟರಲ್ಲಿ ಸಿನಿಮಾ ಹಾಕೋ ಹಾಗಿಲ್ಲ, ಹದಿನೈದು ನಿಮಿಷದ ಚಿತ್ರ ಮಾಡಿದ ಹುಡುಗ್ರು ಕೈಯಿಂದ ದುಡ್ಡು ಹಾಕಿ ಸರ್ಟಿಫಿಕೇಟ್ ಮಾಡ್ಸಿದ್ರೂ ಯಾವ ಥಿಯೇಟರ್‌ನವನೂ ಅದಕ್ಕೆ ಶೋ ಕೊಡಲ್ಲ. ಉತ್ಸವಕ್ಕೆ ಮಾತ್ರ ಕೇಂದ್ರದಿಂದ ವಿನಾಯಿತಿ ಸಿಗುತ್ತೆ. ಅಂದ್ರೆ ಕಿರುಚಿತ್ರ ಪರದೆ ಕಾಣೋಕೆ ಇರೋ ದಾರಿನೇ ಉತ್ಸವ, ಅಲ್ಲೂ ಜಾಗ ಇಲ್ಲ ಅಂದ್ರೆ ಯೂಟ್ಯೂಬಲ್ಲಿ ಹಾಕಿ ಕಂಡೋರಿಗೆಲ್ಲ ಲಿಂಕ್ ಕಳಿಸ್ತಾ ಕೂರ್ಬೇಕು.

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಂಗೆ ತುಂಬಾ ಇಷ್ಟ, ಮಾಲಲ್ಲಿ ಕ್ಯೂ ನಿಂತು ಇರಾನಿನ ಸಿನಿಮಾ ನೋಡೋ ಖುಷಿನೇ ಬೇರೆ. ಆದ್ರೆ ಅಲ್ಲಿ ಇರೋ ಮೂರು ಸ್ಪರ್ಧೆ, ಏಷ್ಯಾದ್ದು ಭಾರತದ್ದು ಕನ್ನಡದ್ದು, ಮೂರೂ ಫೀಚರ್ ಅಂದ್ರೆ ಪೂರ್ತಿ ಉದ್ದದ ಸಿನಿಮಾಗೆ. ಪಕ್ಕದ ಕೇರಳದವ್ರು ನೋಡಿ, ಅವ್ರ ಚಲನಚಿತ್ರ ಅಕಾಡೆಮಿ ಡಿಸೆಂಬರಲ್ಲಿ ದೊಡ್ಡ ಉತ್ಸವ ಮಾಡೋದಲ್ದೆ 2008ರಿಂದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಕ್ಕೇ ಅಂತ ತಿರುವನಂತಪುರದಲ್ಲಿ ಇನ್ನೊಂದು ಉತ್ಸವ ಮಾಡ್ತಿದೆ. ಕೈರಳಿ, ಶ್ರೀ, ನಿಳಾ ಅಂತ ಸರ್ಕಾರದ್ದೇ ಥಿಯೇಟರ್ ಕಾಂಪ್ಲೆಕ್ಸ್. ನಮ್ಮಲ್ಲಿ ಏನೂ ಇಲ್ಲ ಅಂತಲ್ಲ, ಮೈಸೂರು ದಸರಾ ಚಲನಚಿತ್ರೋತ್ಸವದಲ್ಲಿ ಕಿರುಚಿತ್ರ ಸ್ಪರ್ಧೆ ಮಾಡ್ತಾರೆ, ಅದಕ್ಕೆ ನಿಜಕ್ಕೂ ಥ್ಯಾಂಕ್ಸ್, ಬೆಂಗಳೂರಲ್ಲಿ ಖಾಸಗಿಯವ್ರು 2010ರಿಂದ ಕಿರುಚಿತ್ರೋತ್ಸವ ನಡೆಸ್ಕೊಂಡು ಬರ್ತಿದಾರೆ. ಆದ್ರೆ ದಸರಾದ್ದು ದಸರಾ ಜೊತೆ ಬಂದು ಅಂಬಾರಿ ಇಳಿಸೋ ಹೊತ್ತಿಗೆ ಮುಗಿದೋಗುತ್ತೆ, ಅಲ್ಲಿ ಬಹುಮಾನ ಬಂದ ಚಿತ್ರ ಮತ್ತೆ ಯಾವ ಊರಿಗೂ ಹೋಗಲ್ಲ.

ಇನ್ನು ಜಿಲ್ಲೆ ತಾಲ್ಲೂಕಲ್ಲಿ ಅಲ್ಲಲ್ಲಿ ನಡೆಯೋ ಸಣ್ಣ ಉತ್ಸವಗಳ ಕಥೆ. ನಮ್ಮ ಕಡೆ ಒಂದು ನೋಡ್ದೆ, ಹೆಸ್ರು ಬೇಡ. ಕಿರುಚಿತ್ರಕ್ಕೆ ಕೊಟ್ಟ ಟೈಮು ಬೆಳಿಗ್ಗೆ ಒಂಬತ್ತೂವರೆ, ಉದ್ಘಾಟನೆಗೆ ಬರ್ಬೇಕಾದ ಗಣ್ಯರು ಲೇಟು, ಹಾರ ಶಾಲು ಮುಗಿಯೋ ಹೊತ್ತಿಗೆ ಹನ್ನೊಂದೂಕಾಲು. ಆಮೇಲೆ ಪೆನ್ ಡ್ರೈವ್ ಲ್ಯಾಪ್‌ಟಾಪ್‌ಗೆ ಚುಚ್ಚಿ ಒಂದರ ಹಿಂದೆ ಒಂದು ಓಡ್ಸಿದ್ರು. ಸಬ್‌ಟೈಟಲ್ ಪರದೆ ಕೆಳಗಿನ ಕಪ್ಪು ಬಟ್ಟೆ ಮೇಲೆ ಬೀಳ್ತಿತ್ತು, ಸೌಂಡು ಎಡಗಡೆ ಸ್ಪೀಕರಲ್ಲಿ ಮಾತ್ರ. ಒಂದು ಚಿತ್ರದಲ್ಲಿ ನಟಿಸಿದ್ದ ಊರಿನವ್ರು ನಾಕೈದು ಜನ ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು ಮುಂದಿನ ಸಾಲಲ್ಲೇ ಕೂತಿದ್ರು, ಅವ್ರ ಸೀನ್ ಬರೋ ಹೊತ್ತಿಗೆ ಸರಿಯಾಗಿ ಪರದೆ ನಟ್ಟನಡುವೆ ಅಪ್ಡೇಟ್ ಮಾಡ್ಲಾ ಬೇಡ್ವಾ ಅಂತ ಒಂದು ಬಾಕ್ಸ್ ಎದ್ದು ನಿಂತ್ಕೊಳ್ತು. ಡೈರೆಕ್ಟರ್ ಹುಡುಗಿನೇ ಎದ್ದು ಓಡಿ ಹೋಗಿ ಅದನ್ನ ಕ್ಲೋಸ್ ಮಾಡಿ ಬಂದ್ಲು. ಸಿನಿಮಾ ಮುಗಿದ್ಮೇಲೆ ಅವಳನ್ನ ಸ್ಟೇಜಿಗೆ ಕರೆದು ಎರಡು ಮಾತು ಆಡ್ಸೋಕೂ ಟೈಮಿಲ್ಲ ಅಂದ್ರು, ಊಟ ರೆಡಿ ಇತ್ತಂತೆ.

ಇದೆಲ್ಲ ಕೋಟಿ ಖರ್ಚಿನ ಕೆಲಸ ಅಲ್ಲ ಸಾರ್. ಥಿಯೇಟರ್ ಪ್ರೊಜೆಕ್ಟರ್‌ಗೆ ಬೇಕಾದ ಡಿಸಿಪಿ ಫೈಲ್ ಮಾಡೋಕೆ ಡಿಸಿಪಿ-ಒ-ಮ್ಯಾಟಿಕ್ ಅಂತ ಫ್ರೀ ಸಾಫ್ಟ್‌ವೇರೇ ಇದೆ, ನಮ್ಮ ಹುಡುಗ್ರು ಮಾಡ್ಕೊಂಡೂ ಬರ್ತಾರೆ. ಅದು ಸರಿಯಾಗಿ ಓಡುತ್ತಾ ಅಂತ ಹಿಂದಿನ ದಿನ ಅರ್ಧ ಗಂಟೆ ಪರದೆ ಮೇಲೆ ಹಾಕಿ ನೋಡೋಕೆ ಬಿಡಬೇಕು, ಅಷ್ಟೇ.

ನಾನು ಸಬ್ಸಿಡಿ ಕೇಳ್ತಿಲ್ಲ. ಸಬ್ಸಿಡಿ ಅಂದ ತಕ್ಷಣ ಸಬ್ಸಿಡಿಗೋಸ್ಕರನೇ ಸಿನಿಮಾ ಮಾಡೋರು ಹುಟ್ಕೊಳ್ತಾರೆ, ಫೀಚರಲ್ಲಿ ಅದನ್ನ ನೋಡಾಗಿದೆ. ನಂಗೆ ಬೇಕಿರೋದು ಬೆಂಗಳೂರು ಉತ್ಸವದಲ್ಲಿ ಕಿರುಚಿತ್ರಕ್ಕೆ ನಾಲ್ಕನೇ ಸ್ಪರ್ಧೆ, ಕನ್ನಡದ ಜೊತೆ ತುಳು ಕೊಡವ ಕೊಂಕಣಿ ಬ್ಯಾರಿನೂ ಸೇರ್ಲಿ, ಸಂಜೆ ಟೈಮಲ್ಲಿ ಶೋ ಇರ್ಲಿ, ಮುಗಿದ್ಮೇಲೆ ಮಾಡಿದವ್ರ ಜೊತೆ ಮಾತುಕತೆ ಇರ್ಲಿ. ಕನ್ನಡ ವಿಭಾಗದ ಪ್ರತಿ ಫೀಚರ್‌ಗೂ ಮುಂಚೆ ಒಂದು ಕಿರುಚಿತ್ರ ಹಾಕಿದ್ರೆ ಫೀಚರ್‌ಗೆ ಬಂದ ಜನವೇ ಇದನ್ನೂ ನೋಡ್ತಾರೆ, ಬೇರೆ ಸ್ಕ್ರೀನೂ ಬೇಕಾಗಲ್ಲ. ಆಯ್ಕೆಯಾದ ಹತ್ತು ಹನ್ನೆರಡು ಚಿತ್ರನ ಉತ್ಸವ ಮುಗಿದ್ಮೇಲೆ ಜಿಲ್ಲಾ ರಂಗಮಂದಿರಗಳಿಗೆ ಕಳಿಸಿ, ವಿನಾಯಿತಿ ಪತ್ರದ ಓಡಾಟ ಅಕಾಡೆಮಿನೇ ಮಾಡ್ಲಿ, ಒಬ್ಬೊಬ್ಬ ಹುಡುಗನ ಕೈಲಿ ಅದು ಆಗೋ ಕೆಲಸ ಅಲ್ಲ. ನಂದಿನಿ ಲೇಔಟ್ ಮಲ್ಟಿಪ್ಲೆಕ್ಸಿನ ನಕ್ಷೆಯಲ್ಲಿ ಎಂಬತ್ತು ಸೀಟಿನ ಒಂದು ಸಣ್ಣ ಸ್ಕ್ರೀನನ್ನ ಬಾಡಿಗೆಗೆ ಬಿಡದೆ ಇದಕ್ಕೇ ಅಂತ ಇಟ್ಕೊಳ್ಳಿ, ಕಟ್ಟಿ ಆದ್ಮೇಲೆ ಕೇಳಿದ್ರೆ ಟೆಂಡರ್ ಆಗೋಯ್ತು ಅಂತೀರ.

ಮುಂದಿನ ಉತ್ಸವಕ್ಕೆ ಎಂಟ್ರಿ ಕರೆಯೋ ಪ್ರಕಟಣೆ ಹೊರಡೋದ್ರೊಳಗೆ ಅಕಾಡೆಮಿಗೆ ನಿಮ್ಮಿಂದ ಒಂದು ಟಿಪ್ಪಣಿ ಹೋಗ್ಲಿ ಸಾರ್, ಪ್ರಕಟಣೆ ಬಂದ್ಮೇಲೆ ಯಾರೂ ನಿಯಮ ಮುಟ್ಟಲ್ಲ, ಮತ್ತೊಂದು ವರ್ಷ ಕಾಯ್ಬೇಕಾಗುತ್ತೆ.

ಇಂತಿ,
ಬಸ್ ಹತ್ತಿ ಉತ್ಸವಕ್ಕೆ ಬರೋ ಒಬ್ಬ ಪ್ರೇಕ್ಷಕ