ಎರಡನೇ ಶನಿವಾರ, ಬೇಲೂರು

ಹಾಸನ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. "ಮದುವೆ ಆದಮೇಲೆ ಫ್ರೆಂಡ್ಸ್ ಎಲ್ಲ ಅಷ್ಟೇ ಅಮ್ಮ, ಅವರಿಗೂ ಟೈಮಿಲ್ಲ, ನನಗೂ ಇಲ್ಲ" ಅಂದೆ. ಹಾಸ್ಟೆಲಿನಲ್ಲಿ ನಿನಗೆ ಡೆಂಗ್ಯೂ ಬಂದಾಗ ಮೂರು ರಾತ್ರಿ ನಿದ್ದೆಗೆಟ್ಟು ಕೂತವಳೂ ಆ ಲೆಕ್ಕಕ್ಕೆ ಸೇರಿಬಿಟ್ಟಳಲ್ಲ ಅಂತ ಸಂಕಟವಾಯಿತು.

ನಾನೂ ಅದೇ ತಪ್ಪು ಮಾಡಿದವಳು. ಚಿಕ್ಕಮಗಳೂರು ಆಂಟಿ ನಿನಗೆ ಚೆನ್ನಾಗಿ ಗೊತ್ತು. ನಡುವೆ 8 ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ ಅನ್ನುವುದು ಗೊತ್ತಿಲ್ಲ. ಜಗಳ ಏನೂ ಆಗಿರಲಿಲ್ಲ. ಅವಳ ಅಪ್ಪ ತೀರಿಕೊಂಡಾಗ ನಾನು ಹೋಗಲಿಲ್ಲ. ನೀನು ಚಿಕ್ಕವಳು, ನಿನ್ನ ಅಜ್ಜಿಗೆ ಹುಷಾರಿರಲಿಲ್ಲ, ಎಲ್ಲ ನಿಜವೇ. ತಿಥಿಯೂ ಮುಗಿದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸಿತು. ಹಾಗೇ ತಿಂಗಳಾಯಿತು, ವರ್ಷವಾಯಿತು. ಹೆಂಗಸರು ಊರಿಗೆ ಹೊರಡಬೇಕಾದರೆ ಮದುವೆಯೋ ನಾಮಕರಣವೋ ಸಾವೋ ಇರಬೇಕು. "ಸುಮ್ನೆ ಗೆಳತೀನ ನೋಡಿಕೊಂಡು ಬರ್ತೀನಿ" ಅಂದರೆ ಅದೂ ಒಂದು ಕಾರಣವಾ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬಸ್ಸಿನ ದುಡ್ಡಿಗೂ ಕೈಚಾಚಬೇಕಿತ್ತು.

ಕೊನೆಗೆ ಒಂದು ಅವರೆಕಾಯಿ ಕಾಲದಲ್ಲಿ ಹೇಳದೆ ಕೇಳದೆ ಹೋದೆ. ಅವಳು ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನನ್ನನ್ನು ನೋಡಿದಳು. ಏನೂ ಅನ್ನದೆ ಬೋಸಿಯನ್ನು ನನ್ನ ಕಡೆಗೆ ಸರಿಸಿದಳು. ಅರ್ಧ ಬೋಸಿ ಮುಗಿಯುವವರೆಗೂ ಬೇಳೆ ಸಿಪ್ಪೆಯಿಂದ ಪುಳಕ್ಕನೆ ಜಾರುವ ಸದ್ದು ಬಿಟ್ಟರೆ ಮಾತಿಲ್ಲ. ಆಮೇಲೆ ತಲೆಯೆತ್ತದೆ ಕೇಳಿದಳು, "ಅಪ್ಪ ಹೋದಾಗ ಯಾಕೆ ಬರಲಿಲ್ಲ?" ನಾನು ಕಾರಣ ಹೇಳಲಿಲ್ಲ. "ತಪ್ಪಾಯ್ತು ಕಣೆ" ಅಂದೆ. ಇಬ್ಬರೂ ಅತ್ತೆವು. ಅವಳು ಬಾಯಿಬಿಟ್ಟು ಕೇಳಿದ್ದಕ್ಕೇ ನಾವು ಉಳಿದೆವು ಪುಟ್ಟಿ. ಮೇಲೆ ನಗುತ್ತಾ ಒಳಗೆ ಇಟ್ಟುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಈಗ ತಿಂಗಳ ಎರಡನೇ ಶನಿವಾರ ನಾನು ಇಲ್ಲಿಂದ, ಅವಳು ಅಲ್ಲಿಂದ, ಬೇಲೂರಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಆಧಾರ್ ತೋರಿಸಿ ಝೀರೋ ಟಿಕೆಟ್ ತೆಗೆದುಕೊಂಡರೆ ಆಯಿತು, ಯಾರನ್ನೂ ಕೇಳಬೇಕಿಲ್ಲ. ಚೆನ್ನಕೇಶವನಿಗೆ ಕೈಮುಗಿದು ನೆರಳಿರುವ ಕಡೆ ಕೂರುತ್ತೇವೆ. ಅವಳದು ತೋಟದ ಸುದ್ದಿ, ಹೂಮಳೆ ಬಂತಾ, ಆಳು ಸಿಕ್ಕರಾ. ನನ್ನದು ಮಂಡಿನೋವು. ದೊಡ್ಡ ಮಾತೇನೂ ಇರುವುದಿಲ್ಲ. ಆದರೆ ಹೋದ ವರ್ಷ ನನ್ನ ಎದೆಯ ಗಂಟಿನ ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದ್ದೆ. ಏನೂ ಇಲ್ಲ ಅಂತ ಗೊತ್ತಾದ ದಿನ ನಿಮಗೆಲ್ಲ ತಿಳಿಯಿತು, ಅಲ್ವಾ? ಆ 9 ದಿನ ದಿನವೂ ಫೋನ್ ಮಾಡಿದವಳು ಅವಳು.

ಹೋದ ಸಲ ಯಾರು ಫೋನ್ ಮಾಡಿದ್ದು ಅಂತ ಲೆಕ್ಕ ಇಡಬೇಡ. ನಿನ್ನ ಗುಟ್ಟು ಗಂಡನಿಗೆ ಹೇಳು. ಹಾಸ್ಟೆಲಿನ ಆ ನಿನ್ನ ಗೆಳತಿಯದು ಯಾರಿಗೂ ಬೇಡ, ನನಗೂ ಬೇಡ.

ಎರಡು ಡಬ್ಬಿ ಕೋಡುಬಳೆ ಕಳಿಸಿದ್ದೇನೆ. ದೊಡ್ಡದು ಅವಳಿಗೆ. ಕೊರಿಯರ್ ಮಾಡಬೇಡ, ಭಾನುವಾರ ನೀನೇ ಹೋಗಿ ಕೈಗೆ ಕೊಡು.

ನಿನ್ನ ಅಮ್ಮ